ಮುಟ್ಟು ನಿಂತ ಮೇಲೆ ಕಾಣುವ ರಕ್ತ

ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ತಮ್ಮ ದೇಹದ ಕೆಲವು ವಿಚಾರಗಳನ್ನು ಕುರಿತು ಬಾಯಿ ಬಿಡುವುದು ಅಪರೂಪ. ಮಂಡಿನೋವು, ಕಣ್ಣಿನ ಪೊರೆ, ರಕ್ತದ ಒತ್ತಡ ಮೊದಲಾದುವನ್ನು ನೆರೆಹೊರೆಯವರೊಡನೆ ಧಾರಾಳವಾಗಿ ಮಾತನಾಡುವವರು ಕೂಡ, ಮುಟ್ಟು ನಿಂತು ಐದಾರು ವರ್ಷಗಳಾದ ಮೇಲೆ ಒಂದು ದಿನ ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ, ಅದನ್ನು ಸದ್ದಿಲ್ಲದೆ ಒಗೆದು ಸುಮ್ಮನಾಗುತ್ತಾರೆ. ತೀರ ಆಪ್ತರಲ್ಲಿ ಹೇಳಿಕೊಂಡರೂ ದೊರೆಯುವ ಸಮಾಧಾನ ಒಂದೇ: “ಉಷ್ಣವಾಗಿರಬೇಕು, ಮಜ್ಜಿಗೆ ಕುಡಿಯಿರಿ, ಎಳನೀರು ಕುಡಿಯಿರಿ.” ಎರಡು ದಿನಗಳಲ್ಲಿ ರಕ್ತ ತಾನಾಗಿಯೇ ನಿಲ್ಲುತ್ತದೆ. ನಿಲ್ಲಿಸಿದ ಕೀರ್ತಿ ಮಜ್ಜಿಗೆಗೆ ಸಲ್ಲುತ್ತದೆ. ವಿಷಯವು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ.

ಆದರೆ ವಿಷಯವು ಅಲ್ಲಿಗೆ ಮುಗಿಯುವುದಿಲ್ಲ. ಋತುಬಂಧವಾದ ಬಳಿಕ ಕಾಣಿಸಿಕೊಳ್ಳುವ ರಕ್ತಸ್ರಾವವು, ಅದು ಒಂದೇ ಒಂದು ಹನಿಯಾದರೂ, ಪರೀಕ್ಷೆಗೆ ಅರ್ಹವಾದ ಲಕ್ಷಣವೆಂದು ವೈದ್ಯಶಾಸ್ತ್ರವು ಪರಿಗಣಿಸುತ್ತದೆ. ಇದನ್ನು ಕೇಳಿ ಗಾಬರಿಗೊಳ್ಳಬೇಕಾಗಿಲ್ಲ. ಇಂತಹ ರಕ್ತಸ್ರಾವದ ಬಹುಪಾಲು ಕಾರಣಗಳು ಸೌಮ್ಯವಾದುವು. ಉಳಿದ ಸಣ್ಣ ಪಾಲಿನಲ್ಲಿ ಮಾತ್ರ ಕ್ಯಾನ್ಸರು ಅಡಗಿರುತ್ತದೆ. ಆ ಕ್ಯಾನ್ಸರಾದರೂ, ಆರಂಭದಲ್ಲಿಯೇ ಕಂಡುಹಿಡಿದರೆ, ಗುಣಪಡಿಸಲು ಅತ್ಯಂತ ಅನುಕೂಲವಾದ ಕ್ಯಾನ್ಸರುಗಳ ಸಾಲಿಗೆ ಸೇರಿದುದು. ಯಾವುದು ಸೌಮ್ಯ, ಯಾವುದು ಗಂಭೀರ ಎಂಬುದನ್ನು ರಕ್ತದ ಬಣ್ಣದಿಂದಾಗಲಿ ಪ್ರಮಾಣದಿಂದಾಗಲಿ ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು. ಈ ಲೇಖನದ ಸಾರವೆಲ್ಲ ಇಷ್ಟೆ. ಇದು ಏಕೆ ಹೀಗೆ, ಪರೀಕ್ಷೆಯೆಂದರೆ ಏನು ಎಂಬುದನ್ನು ಮುಂದೆ ವಿಚಾರ ಮಾಡೋಣ.

ಮುಟ್ಟು ಏಕೆ ಬರುತ್ತದೆ, ಏಕೆ ನಿಲ್ಲುತ್ತದೆ?

ಗರ್ಭಕೋಶವು ಮಗುಚಿಟ್ಟ ಪೇರಲೆಹಣ್ಣಿನ ಆಕಾರದ, ಗಟ್ಟಿಯಾದ ಸ್ನಾಯುಗಳಿಂದಾದ ಅಂಗ. ಅದರ ಒಳಗೋಡೆಗೆ ಮೃದುವಾದ ಒಂದು ಒಳಪೊರೆಯಿದೆ. ಭ್ರೂಣವು ಬಂದು ನೆಲಸಬೇಕಾದ ಹಾಸಿಗೆ ಇದು. ಪ್ರತಿ ತಿಂಗಳೂ ಅಂಡಾಶಯದಿಂದ ಒಸರುವ ಈಸ್ಟ್ರೊಜನ್ ಎಂಬ ಹಾರ್ಮೋನು ಈ ಹಾಸಿಗೆಯನ್ನು ದಪ್ಪವಾಗಿ ಬೆಳೆಸುತ್ತದೆ. ಅಂಡವು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬಂದು, ಬೆಳವಣಿಗೆಯನ್ನು ತಡೆದು, ಹಾಸಿಗೆಯನ್ನು ಹದಗೊಳಿಸುತ್ತದೆ. ಗರ್ಭ ಕಟ್ಟದಿದ್ದರೆ ಎರಡು ಹಾರ್ಮೋನುಗಳ ಮಟ್ಟವೂ ಇಳಿಯುತ್ತದೆ. ಆಧಾರ ತಪ್ಪಿದ ಒಳಪೊರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು. ಈಸ್ಟ್ರೊಜನ್ ಬೆಳೆಸುವ ಹಾರ್ಮೋನು, ಪ್ರೊಜೆಸ್ಟರಾನ್ ಅದಕ್ಕೆ ಕಡಿವಾಣ ಹಾಕುವ ಹಾರ್ಮೋನು ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳಲಿರುವ ಅನೇಕ ವಿಷಯಗಳಿಗೆ ಇದೇ ಬೀಗದ ಕೈ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಬೀಜಗಳಿರುತ್ತವೆ. ಹುಟ್ಟಿದ ಮೇಲೆ ಹೊಸತಾಗಿ ಒಂದೂ ಸೇರುವುದಿಲ್ಲ. ಇದ್ದುವು ದಿನೇ ದಿನೇ ಕರಗುತ್ತ ಹೋಗುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದರೆ, ಜೀವಮಾನವಿಡೀ ಪಕ್ವವಾಗಿ ಹೊರಬರುವುವು ನಾನೂರು ಐನೂರು ಮಾತ್ರ. ಐವತ್ತರ ಆಸುಪಾಸಿನಲ್ಲಿ ಈ ಗಂಟು ಕರಗಿ ಹೋಗುತ್ತದೆ. ಅಂಡವಿಲ್ಲದಿದ್ದರೆ ಆ ಹಾರ್ಮೋನುಗಳ ತಿಂಗಳ ಏರಿಳಿತವೂ ಇಲ್ಲ, ಮುಟ್ಟೂ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಋತುಬಂಧದ ಸರಾಸರಿ ವಯಸ್ಸು ಸುಮಾರು 51. ನಮ್ಮ ದೇಶದಲ್ಲಿ ಅದು ನಾಲ್ಕೈದು ವರ್ಷ ಮುಂಚಿತವಾಗಿ, 46-47ರ ಸುಮಾರಿಗೆ ಬರುತ್ತದೆ.

ಮುಟ್ಟು ಒಮ್ಮೆಲೆ ನಿಲ್ಲುವುದು ಕಡಿಮೆ. ಮೊದಲು ಎರಡು ತಿಂಗಳಿಗೊಮ್ಮೆ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ, ಹೀಗೆ ತಡವರಿಸುತ್ತ ನಿಲ್ಲುವುದೇ ವಾಡಿಕೆ. ಆದಕಾರಣ, ಪೂರ್ತಿ ಹನ್ನೆರಡು ತಿಂಗಳು ಮುಟ್ಟು ಕಾಣದೆ ಕಳೆದ ಮೇಲೆಯೇ ಋತುಬಂಧವಾಯಿತೆಂದು ವೈದ್ಯರು ಎಣಿಸುತ್ತಾರೆ. ಆ ಒಂದು ವರ್ಷದ ಗೆರೆಯನ್ನು ದಾಟಿದ ಬಳಿಕ ಕಂಡ ರಕ್ತವನ್ನು “ಮುಟ್ಟು ಮರಳಿ ಬಂತು” ಎಂದು ತಿಳಿಯಬಾರದು. ಅದರ ಕಾರಣವನ್ನು ಹುಡುಕಲೇಬೇಕು. ನಮ್ಮಲ್ಲಿ ಎಪ್ಪತ್ತರ ಅಜ್ಜಿಗೆ ಮತ್ತೆ ಮುಟ್ಟಾಯಿತೆಂದು ಸೋಜಿಗದಿಂದ, ಒಮ್ಮೊಮ್ಮೆ ಹೆಮ್ಮೆಯಿಂದಲೂ ಹೇಳುವುದುಂಟು. ಸೋಜಿಗ ಪಡುವ ಬದಲು ವೈದ್ಯರ ಬಳಿಗೆ ಕರೆದೊಯ್ಯುವುದೇ ಆ ಅಜ್ಜಿಗೆ ಮಾಡುವ ಉಪಕಾರ.

ರಕ್ತ ಎಲ್ಲಿಂದ ಬರುತ್ತದೆ?

ಅತ್ಯಂತ ಸಾಮಾನ್ಯವಾದ ಕಾರಣವು ಎಲ್ಲಕ್ಕಿಂತ ಸೌಮ್ಯವಾದುದೂ ಹೌದು. ಈಸ್ಟ್ರೊಜನ್ ಇಳಿದ ಮೇಲೆ ಯೋನಿಯ ಒಳಚರ್ಮವೂ ಗರ್ಭಕೋಶದ ಒಳಪೊರೆಯೂ ಸವೆದು ತೆಳ್ಳಗಾಗುತ್ತವೆ. ಹಳೆಯ ಪಂಚೆಯಂತೆ, ಸ್ವಲ್ಪ ಎಳೆದರೂ ಹಿಂಜುತ್ತವೆ. ತೇವವು ಕಡಿಮೆಯಾಗಿ ಉರಿ ತುರಿಕೆಗಳೂ ಕಾಣಬಹುದು. ಇಂತಹ ಸವೆದ ಚರ್ಮದಿಂದ ಆಗಾಗ ಎರಡು ಹನಿ ರಕ್ತ ಜಿನುಗುವುದು ಆಶ್ಚರ್ಯವೇನೂ ಅಲ್ಲ.

ಎರಡನೆಯದು ಪಾಲಿಪ್. ಒಳಪೊರೆಯಿಂದಲೋ ಗರ್ಭಕೋಶದ ಕಂಠದಿಂದಲೋ ತೊಟ್ಟಿನ ಮೇಲೆ ಜೋತುಬೀಳುವ ಮೃದುವಾದ ಮಾಂಸದ ಕುಡಿ ಇದು. ಬಹುಮಟ್ಟಿಗೆ ನಿರಪಾಯಕಾರಿ. ಆದರೆ ಮುಟ್ಟು ನಿಂತವರಲ್ಲಿ ರಕ್ತ ಸೋರಿಸುವ ಪಾಲಿಪನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದೇ ಕ್ರಮ. ಕೆಲವೊಮ್ಮೆ ಅದರ ಮಡಿಲಲ್ಲಿ ಕ್ಯಾನ್ಸರಿನ ಬೀಜವಿರುವ ಸಂಭವವುಂಟು.

ಮೂರನೆಯದು ಒಳಪೊರೆಯ ಅತಿ ಬೆಳವಣಿಗೆ. ಪ್ರೊಜೆಸ್ಟರಾನಿನ ಕಡಿವಾಣವಿಲ್ಲದೆ ಈಸ್ಟ್ರೊಜನ್ ಒಂದೇ ದೇಹವನ್ನು ಆಳಿದಾಗ ಒಳಪೊರೆ ಮಿತಿಮೀರಿ ದಪ್ಪವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದರಲ್ಲಿ ಎರಡು ಬಗೆಗಳು ಕಾಣುತ್ತವೆ. ಜೀವಕೋಶಗಳು ಸಂಖ್ಯೆಯಲ್ಲಿ ಹೆಚ್ಚಿದ್ದರೂ ರೂಪದಲ್ಲಿ ಕೆಡದಿರುವುದು ಮೊದಲನೆಯ ಬಗೆ. ಇದು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಕ್ಯಾನ್ಸರಾಗಿ ಮಾರ್ಪಡುವ ಸಂಭವ ನೂರಕ್ಕೆ ಐದಕ್ಕಿಂತಲೂ ಕಡಿಮೆ. ಜೀವಕೋಶಗಳ ರೂಪವೂ ಕೆಟ್ಟಿರುವುದು ಎರಡನೆಯ ಬಗೆ. ಇದನ್ನು ಕ್ಯಾನ್ಸರಿನ ಹೊಸ್ತಿಲೆನ್ನಬಹುದು. ಎಷ್ಟೋ ವೇಳೆ ಹೊಸ್ತಿಲ ಒಳಗೆ ಕ್ಯಾನ್ಸರು ಆಗಲೇ ಕಾಲಿಟ್ಟಿರುವುದೂ ಉಂಟು.

ನಾಲ್ಕನೆಯದು ಒಳಪೊರೆಯ ಕ್ಯಾನ್ಸರು. ಇದಕ್ಕೆ ಒಂದು ವಿಶೇಷವಾದ ಗುಣವಿದೆ: ಅದು ಬೇಗನೆ ತನ್ನ ಸುಳಿವನ್ನು ಕೊಡುತ್ತದೆ. ಹೊಟ್ಟೆಯೊಳಗಿನ ಅನೇಕ ಕ್ಯಾನ್ಸರುಗಳು ಸದ್ದಿಲ್ಲದೆ ಬೆಳೆದು ಹಬ್ಬಿದ ಮೇಲೆ ಬೆಳಕಿಗೆ ಬಂದರೆ, ಇದು ಇನ್ನೂ ಗರ್ಭಕೋಶದ ಗೋಡೆಗಳೊಳಗೇ ಇರುವಾಗ ರಕ್ತದ ಮೂಲಕ ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಕೇಳುವ ಕಿವಿಯಿದ್ದರೆ ರೋಗಿ ಉಳಿಯುತ್ತಾಳೆ.

ಐದನೆಯದು ಗರ್ಭಕೋಶದ ಕಂಠದ ಕ್ಯಾನ್ಸರು. ಭಾರತದ ಮಟ್ಟಿಗೆ ಇದನ್ನು ಮೊದಲ ಸಾಲಿನಲ್ಲೇ ನೆನೆಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ವಿರಳವಾಗುತ್ತಿರುವ ಈ ರೋಗ ನಮ್ಮ ಹೆಂಗಸರ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರಿನ ತರುವಾಯದ ಸ್ಥಾನದಲ್ಲಿದೆ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಮಂದಿಗೆ ಇದು ಹೊಸದಾಗಿ ತಗುಲಿ, ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು. ಸಂಭೋಗದ ಬಳಿಕ ರಕ್ತ ಕಾಣುವುದು, ದುರ್ವಾಸನೆಯ ಬಿಳಿಸೆರಗು ಅಥವಾ ರಕ್ತ ಬೆರೆತ ಸ್ರಾವ ಇವು ಇದರ ಕುರುಹುಗಳು.

ಇವಲ್ಲದೆ ಸಣ್ಣಪುಟ್ಟ ಕಾರಣಗಳೂ ಇವೆ. ಹಲವು ಹೆರಿಗೆಗಳಿಂದ ಗರ್ಭಕೋಶವು ಜಾರಿ ಹೊರಬಂದಿರುವ ಹೆಂಗಸರಲ್ಲಿ, ಬಟ್ಟೆಗೆ ಉಜ್ಜಿ ಉಜ್ಜಿ ಅದರ ಮೇಲೆ ಹುಣ್ಣಾಗಿ ರಕ್ತ ಬರುವುದುಂಟು. ಜಾರಿದ ಗರ್ಭಕೋಶಕ್ಕೆ ಆಧಾರವಾಗಿ ಇಟ್ಟ ರಬ್ಬರಿನ ಬಳೆಯನ್ನು ವರ್ಷಗಟ್ಟಲೆ ಮರೆತುಬಿಟ್ಟರೂ ಹೀಗೇ ಆಗುತ್ತದೆ. ಕ್ಷಯರೋಗವು ಗರ್ಭಕೋಶವನ್ನು ಹಿಡಿದಿರುವುದು ಅಪರೂಪವಾಗಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೃದ್ರೋಗಿಗಳಿಗೆ ಕೊಡುವ ಮಾತ್ರೆಗಳಿಂದಲೂ ಸ್ರಾವವಾಗಬಹುದು. ಆದರೆ ಮಾತ್ರೆಯ ಮೇಲೆ ತಪ್ಪು ಹೊರಿಸಿ ಪರೀಕ್ಷೆಯನ್ನು ಬಿಡುವಂತಿಲ್ಲ. ಕಡೆಯದಾಗಿ, ರಕ್ತವು ಗರ್ಭಕೋಶದ್ದೇ ಅಲ್ಲದಿರಬಹುದು. ಮೂತ್ರದ್ವಾರದ ತುದಿಯ ಒಂದು ಸಣ್ಣ ಕೆಂಪು ಗಂಟಿನಿಂದ, ಮೂತ್ರಕೋಶದಿಂದ, ಇಲ್ಲವೆ ಮೂಲವ್ಯಾಧಿಯಿಂದ ಬಂದುದನ್ನು ಯೋನಿಯದೆಂದು ತಪ್ಪು ತಿಳಿಯುವುದು ಬಹಳ ಸುಲಭ.

ಕಡಿವಾಣವಿಲ್ಲದ ಈಸ್ಟ್ರೊಜನ್

ಅಂಡಾಶಯ ನಿವೃತ್ತವಾದ ಮೇಲೆ ಈಸ್ಟ್ರೊಜನ್ ಎಲ್ಲಿಂದ ಬರಬೇಕು ಎಂಬ ಸಂದೇಹ ಸಹಜ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಹೊರಬಿಡುವ ಒಂದು ಬಗೆಯ ಹಾರ್ಮೋನನ್ನು ದೇಹದ ಕೊಬ್ಬು ಈಸ್ಟ್ರೊಜನ್ನಾಗಿ ಪರಿವರ್ತಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈಸ್ಟ್ರೊಜನ್ ಹೆಚ್ಚು. ಇದಕ್ಕೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಮಾತ್ರ ಅಂಡಾಶಯದೊಡನೆಯೇ ಹೊರಟುಹೋಗಿದೆ. ಸ್ಥೂಲದೇಹಿಗಳಲ್ಲಿ ಒಳಪೊರೆಯ ಕ್ಯಾನ್ಸರು ಹೆಚ್ಚಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಸಕ್ಕರೆ ಕಾಯಿಲೆಯಿರುವವರು, ಮಕ್ಕಳಾಗದವರು, ಮುಟ್ಟು ಬಹಳ ತಡವಾಗಿ ನಿಂತವರು, ಕುಟುಂಬದಲ್ಲಿ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರುಗಳ ಚರಿತ್ರೆಯಿರುವವರು ಇವರಲ್ಲಿಯೂ ಅಪಾಯ ಅಧಿಕ. ಅಂಡಾಶಯದಲ್ಲಿ ಬೆಳೆಯುವ ಕೆಲವು ವಿರಳವಾದ ಗೆಡ್ಡೆಗಳು ತಾವೇ ಈಸ್ಟ್ರೊಜನ್ ಉತ್ಪಾದಿಸಿ ಇದೇ ಕೇಡನ್ನು ಮಾಡುತ್ತವೆ.

ಈ ತತ್ವವನ್ನು ವೈದ್ಯಲೋಕವು ಬೆಲೆ ತೆತ್ತು ಕಲಿತುಕೊಂಡಿತು. ಅಮೆರಿಕದಲ್ಲಿ ಋತುಬಂಧದ ಬಾಧೆಗಳಾದ ಮೈಬಿಸಿ, ಬೆವರು, ನಿದ್ರಾಹೀನತೆಗಳಿಗೆ ಈಸ್ಟ್ರೊಜನ್ ಮಾತ್ರೆಯೊಂದನ್ನೇ ಕೊಡುವ ಪದ್ಧತಿ 1960ರ ದಶಕದಲ್ಲಿ ಬಹಳ ಜನಪ್ರಿಯವಾಯಿತು. 1975ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಎರಡು ಲೇಖನಗಳು ಒಟ್ಟಿಗೆ ಪ್ರಕಟವಾದುವು. ಅಂತಹ ಮಾತ್ರೆ ಸೇವಿಸಿದವರಲ್ಲಿ ಒಳಪೊರೆಯ ಕ್ಯಾನ್ಸರು ಹಲವು ಪಟ್ಟು ಹೆಚ್ಚಾಗಿರುವುದನ್ನು ಎರಡೂ ತೋರಿಸಿದುವು. ಅಂದಿನಿಂದ, ಗರ್ಭಕೋಶವಿರುವ ಹೆಂಗಸಿಗೆ ಋತುಬಂಧದ ಚಿಕಿತ್ಸೆಯಾಗಿ ಈಸ್ಟ್ರೊಜನ್ ಮಾತ್ರೆ ಕೊಡುವಾಗ ಜೊತೆಯಲ್ಲಿ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಕೊಡುವುದು ನಿಯಮವಾಯಿತು. ಎರಡನ್ನೂ ದಿನನಿತ್ಯ ಸೇವಿಸುವವರಲ್ಲಿ ಮೊದಲ ಆರು ತಿಂಗಳು ಅಲ್ಪಸ್ವಲ್ಪ ರಕ್ತ ಕಾಣುವುದು ವಾಡಿಕೆ. ಅದನ್ನು ಮೀರಿದರೆ ಪರೀಕ್ಷೆ ಅವಶ್ಯ.

ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯ ನಡತೆ ಇನ್ನೂ ವಿಚಿತ್ರ. ಸ್ತನದಲ್ಲಿ ಅದು ಈಸ್ಟ್ರೊಜನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಗರ್ಭಕೋಶದಲ್ಲಿ ತಾನೇ ಈಸ್ಟ್ರೊಜನ್ನಿನಂತೆ ವರ್ತಿಸುತ್ತದೆ. ಅದರಿಂದಾಗುವ ಲಾಭವು ದೊಡ್ಡದು. ಆದಕಾರಣ ಹೆದರಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಆದರೆ ಅದನ್ನು ಸೇವಿಸುವವರು ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತಿಳಿಸಲೇಬೇಕು.

ಭಯ ಎಷ್ಟರ ಮಟ್ಟಿಗೆ?

2018ರಲ್ಲಿ, ಜಗತ್ತಿನ ನಾನಾ ಕಡೆಗಳ 129 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ ಒಂದು ಪ್ರಬಂಧ ಹೊರಬಂತು. ಅದರ ಫಲಿತಾಂಶವನ್ನು ಎರಡು ಅಂಕೆಗಳಲ್ಲಿ ಹೇಳಬಹುದು. ಋತುಬಂಧದ ನಂತರ ರಕ್ತ ಕಂಡ ನೂರು ಹೆಂಗಸರಲ್ಲಿ ಒಳಪೊರೆಯ ಕ್ಯಾನ್ಸರು ಇದ್ದುದು ಸುಮಾರು 9 ಮಂದಿಗೆ. ಋತುಬಂಧವಾದವರಲ್ಲಿ ಒಳಪೊರೆಯ ಕ್ಯಾನ್ಸರು ಕಂಡ ನೂರು ಮಂದಿಯನ್ನು ತೆಗೆದುಕೊಂಡರೆ, ಅವರಲ್ಲಿ 91 ಮಂದಿಗೆ ಮೊದಲು ರಕ್ತಸ್ರಾವವಾಗಿತ್ತು.

ಈ ಎರಡು ಅಂಕೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕು. ಮೊದಲನೆಯದು ಧೈರ್ಯ ಹೇಳುತ್ತದೆ: ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಈ ಕ್ಯಾನ್ಸರು ಇಲ್ಲ. ಎರಡನೆಯದು ಎಚ್ಚರಿಕೆ ಹೇಳುತ್ತದೆ: ರಕ್ತ ಕಂಡವರೆಲ್ಲರನ್ನೂ ಸರಿಯಾಗಿ ಪರೀಕ್ಷಿಸಿದರೆ, ಈ ರೋಗವಿರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯನ್ನು ಪತ್ತೆಹಚ್ಚಬಹುದು. ಇಷ್ಟು ಸ್ಪಷ್ಟವಾದ ಮುನ್ಸೂಚನೆ ಕೊಡುವ ಕ್ಯಾನ್ಸರುಗಳು ಬಹಳ ಇಲ್ಲ. ಪತ್ತೆಹಚ್ಚುವುದರ ಫಲವೇನೆಂಬುದನ್ನು ಅಮೆರಿಕದ ಲೆಕ್ಕಗಳು ತಿಳಿಸುತ್ತವೆ. ಕ್ಯಾನ್ಸರು ಗರ್ಭಕೋಶದೊಳಗೇ ಇರುವಾಗ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಬಂದವರಲ್ಲಿ ಐವರಿಗೆ ಒಬ್ಬರು ಮಾತ್ರ.

ಪರೀಕ್ಷೆ ಹೇಗೆ ನಡೆಯುತ್ತದೆ?

ಅರವತ್ತು ವರ್ಷದ ಗೃಹಿಣಿಯೊಬ್ಬರು ರಕ್ತ ಕಂಡು ವೈದ್ಯರ ಬಳಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ವೈದ್ಯರು ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ. ಮುಟ್ಟು ಯಾವಾಗ ನಿಂತಿತು? ರಕ್ತ ಎಷ್ಟು ಸಲ ಕಂಡಿತು? ಯಾವ ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದೀರಿ? ಸಕ್ಕರೆ ಕಾಯಿಲೆಯುಂಟೆ? ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರು ಇತ್ತೆ? ಇಲ್ಲಿ ನಾಡಮದ್ದು, ಅಂಗಡಿಯಿಂದ ತಂದ ಮಾತ್ರೆ ಯಾವುದನ್ನೂ ಬಚ್ಚಿಡಬಾರದು.

ಅನಂತರ ದೇಹಪರೀಕ್ಷೆ. ಯೋನಿಯನ್ನು ಅಗಲಿಸುವ ಒಂದು ಸರಳ ಉಪಕರಣದ ನೆರವಿನಿಂದ ವೈದ್ಯರು ಯೋನಿಯ ಗೋಡೆಗಳನ್ನೂ ಗರ್ಭಕೋಶದ ಕಂಠವನ್ನೂ ಕಣ್ಣಾರೆ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ನಾಚಿಕೆಯಿಂದ ಇದನ್ನು ಬೇಡವೆಂದು “ಮಾತ್ರೆ ಬರೆದುಕೊಟ್ಟರೆ ಸಾಕು” ಎನ್ನುವವರಿದ್ದಾರೆ. ಕಂಠದ ಕ್ಯಾನ್ಸರು ಎಷ್ಟೋ ವೇಳೆ ಈ ಒಂದು ನೋಟಕ್ಕೆ ಸಿಕ್ಕಿಬೀಳುತ್ತದೆ. ನೋಡದಿದ್ದರೆ ತಿಂಗಳುಗಟ್ಟಲೆ ತಪ್ಪಿಸಿಕೊಳ್ಳುತ್ತದೆ. ಕಂಠದ ಮೇಲಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆಗೆ, ಅದನ್ನು ರೂಪಿಸಿದ ಪಾಪನಿಕೊಲೌ ಅವರ ಹೆಸರಿನಿಂದ, ಪ್ಯಾಪ್ ಪರೀಕ್ಷೆ ಎನ್ನುತ್ತಾರೆ. ಇದು ಕಂಠದ ಪರೀಕ್ಷೆಯೇ ಹೊರತು ಒಳಪೊರೆಯದಲ್ಲ ಎಂಬುದನ್ನು ಗಮನಿಸಬೇಕು. “ಪ್ಯಾಪ್ ಸರಿಯಾಗಿದೆ” ಎಂದ ಮಾತ್ರಕ್ಕೆ ಒಳಪೊರೆಯ ವಿಚಾರ ಇತ್ಯರ್ಥವಾಗಲಿಲ್ಲ.

ಮೂರನೆಯ ಹೆಜ್ಜೆ ಸ್ಕ್ಯಾನಿಂಗ್. ಕಿವಿಗೆ ಕೇಳಿಸದ ಧ್ವನಿತರಂಗಗಳನ್ನು ದೇಹದೊಳಗೆ ಕಳುಹಿಸಿ, ಅವುಗಳ ಮರುದನಿಯಿಂದ ಚಿತ್ರ ಬಿಡಿಸುವ ವಿದ್ಯೆ ಇದು. ಇದನ್ನು ಸ್ತ್ರೀರೋಗಗಳಿಗೆ ಅನ್ವಯಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯ ಇಯಾನ್ ಡೊನಾಲ್ಡ್. ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕುಗಳನ್ನು ಹುಡುಕಲು ಬಳಸುತ್ತಿದ್ದ ಯಂತ್ರವು ಹೊಟ್ಟೆಯೊಳಗಿನ ಗೆಡ್ಡೆಗಳನ್ನೂ ಹುಡುಕಬಲ್ಲುದೆಂದು ಕಂಡುಕೊಂಡು, 1958ರಲ್ಲಿ ಅವರು ಸಹೋದ್ಯೋಗಿಗಳೊಡನೆ ತಮ್ಮ ಫಲಿತಾಂಶಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಗ ಬೆರಳಿನಷ್ಟು ದಪ್ಪದ ಕಡ್ಡಿಯಂಥ ಸಾಧನವನ್ನು ಯೋನಿಯೊಳಗಿಟ್ಟು ಗರ್ಭಕೋಶವನ್ನು ಹತ್ತಿರದಿಂದಲೇ ನೋಡಬಹುದು; ಒಳಪೊರೆಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆಯಬಹುದು.

ಈ ಅಳತೆಗೆ ಬಹಳ ಬೆಲೆಯಿದೆ. ಮುಟ್ಟು ನಿಂತವರಲ್ಲಿ ಒಳಪೊರೆ ತೆಳ್ಳಗಿರಬೇಕು. 1995ರಲ್ಲಿ ಉತ್ತರ ಯೂರೋಪಿನ ದೇಶಗಳ ವೈದ್ಯರು ಋತುಬಂಧದ ನಂತರ ರಕ್ತಸ್ರಾವವಾಗಿದ್ದ 1168 ಹೆಂಗಸರನ್ನು ಪರೀಕ್ಷಿಸಿದರು. ಕ್ಯಾನ್ಸರು ಇದ್ದವರಲ್ಲಿ ಒಬ್ಬರ ಒಳಪೊರೆಯೂ 5 ಮಿಲಿಮೀಟರಿಗಿಂತ ತೆಳ್ಳಗಿರಲಿಲ್ಲ. ಇಂತಹ ಅಧ್ಯಯನಗಳ ಆಧಾರದ ಮೇಲೆ, ಮೊದಲ ಸಲ ರಕ್ತ ಕಂಡವರಲ್ಲಿ ಒಳಪೊರೆ 4 ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರು ಇಲ್ಲದಿರುವ ಸಂಭವ ನೂರಕ್ಕೆ 99ಕ್ಕಿಂತಲೂ ಹೆಚ್ಚೆಂದು ಎಣಿಸಲಾಗಿದೆ. ಅಂಥವರಿಗೆ ಆ ಸದ್ಯಕ್ಕೆ ಹೆಚ್ಚಿನ ಪರೀಕ್ಷೆ ಬೇಡವಾಗಬಹುದು. ಆದರೆ ಈ ನಿಯಮಕ್ಕೂ ಅಪವಾದಗಳುಂಟು. ವಿರಳವಾದ, ಉಗ್ರಸ್ವಭಾವದ ಕೆಲವು ಕ್ಯಾನ್ಸರುಗಳು ತೆಳ್ಳನೆಯ ಒಳಪೊರೆಯಲ್ಲಿಯೂ ಹುಟ್ಟುತ್ತವೆ. ಆದುದರಿಂದ, ಸ್ಕ್ಯಾನಿಂಗಿನಲ್ಲಿ ಎಲ್ಲವೂ ಸರಿಯೆಂದು ಬಂದ ಮೇಲೂ ರಕ್ತ ಮತ್ತೆ ಮತ್ತೆ ಕಂಡರೆ ಅಳತೆಯನ್ನು ನಂಬಿ ಕೂರದೆ ಮುಂದಿನ ಹೆಜ್ಜೆ ಇಡಲೇಬೇಕು.

ಆ ಹೆಜ್ಜೆಯೇ ಒಳಪೊರೆಯ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ. ಹಿಂದೆ ಇದಕ್ಕಾಗಿ ರೋಗಿಗೆ ಅರಿವಳಿಕೆ ಕೊಟ್ಟು, ಕಂಠವನ್ನು ಹಿಗ್ಗಿಸಿ, ಒಳಪೊರೆಯನ್ನು ಕೆರೆದು ತೆಗೆಯಬೇಕಾಗಿತ್ತು. ಕೆರೆಯುವ ಆ ಉಪಕರಣವು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೆಕಾಮಿಯೆ ಬಳಕೆಗೆ ತಂದದ್ದು. 1980ರ ದಶಕದಲ್ಲಿ ಫ್ರಾನ್ಸಿನವರೇ ಆದ ಕಾರ್ನಿಯೆ ಇನ್ನೂ ಸುಲಭವಾದ ಸಾಧನವೊಂದನ್ನು ರೂಪಿಸಿದರು. ಸುಮಾರು ಮೂರು ಮಿಲಿಮೀಟರು ದಪ್ಪದ, ಬಾಗುವ ಪ್ಲಾಸ್ಟಿಕ್ ಕೊಳವೆ ಅದು. ಒಳಗಿನ ಕಡ್ಡಿಯನ್ನು ಹಿಂದಕ್ಕೆಳೆದರೆ ಪಿಚಕಾರಿಯಂತೆ ಒಳಪೊರೆಯ ಚೂರುಗಳನ್ನು ಹೀರಿಕೊಳ್ಳುತ್ತದೆ. ಮುಟ್ಟಿನ ನೋವಿನಂತಹ ಕಿವುಚು ನೋವು ಸ್ವಲ್ಪ ಹೊತ್ತು ಕಾಡಬಹುದು. ಹೊರರೋಗಿಯಾಗಿ ಬಂದವರು ಅಂದೇ ಮನೆಗೆ ಹಿಂದಿರುಗಬಹುದು.

ಕುರುಡುಗೈಯಿಂದ ತೆಗೆದ ಚೂರಿನಲ್ಲಿ ರೋಗವು ಸಿಕ್ಕದೆಯೂ ಹೋಗಬಹುದು. ಒಳಪೊರೆಯ ಒಂದು ಮೂಲೆಯಲ್ಲಷ್ಟೆ ಕೇಡಿದ್ದರೆ, ಅಥವಾ ಪಾಲಿಪ್ ಇದ್ದರೆ, ಕಣ್ಣಿನಿಂದ ನೋಡಿಯೇ ತೆಗೆಯಬೇಕು. ಇದಕ್ಕೆ ಹಿಸ್ಟರೋಸ್ಕೋಪಿ ಎಂದು ಹೆಸರು: ಬೆಳಕುಳ್ಳ ತೆಳುವಾದ ದೂರ್ಬೀನನ್ನು ಕಂಠದ ಮೂಲಕ ಗರ್ಭಕೋಶದೊಳಗೆ ಇಳಿಸಿ ನೋಡುವುದು. ಸ್ವಾರಸ್ಯವೆಂದರೆ, ಈ ವಿದ್ಯೆಯ ಆರಂಭವಾದದ್ದೇ ಋತುಬಂಧದ ನಂತರದ ರಕ್ತಸ್ರಾವದಿಂದ. ಪಾಂಟಲಿಯೋನಿ ಎಂಬ ವೈದ್ಯರು 1869ರಲ್ಲಿ, ಯಾವ ಔಷಧಕ್ಕೂ ನಿಲ್ಲದ ರಕ್ತಸ್ರಾವವಿದ್ದ ಅರವತ್ತು ವರ್ಷದ ಹೆಂಗಸೊಬ್ಬಳ ಗರ್ಭಕೋಶದೊಳಗೆ ಕೊಳವೆಯೊಂದನ್ನು ಇಳಿಸಿ ನೋಡಿ, ಅಲ್ಲಿದ್ದ ಪಾಲಿಪನ್ನು ಸಿಲ್ವರ್ ನೈಟ್ರೇಟಿನಿಂದ ಸುಟ್ಟ ವರದಿಯನ್ನು ಪ್ರಕಟಿಸಿದರು. ವಿದ್ಯುದ್ದೀಪವೇ ಮನೆಮಾತಾಗಿರದ ಕಾಲ ಅದು. ಊಹಿಸುವುದನ್ನು ಬಿಟ್ಟು ಒಳಗೆ ನೋಡಬೇಕೆಂಬ ಆತನ ಹಟವೇ ಇಂದಿನ ವಿಧಾನಕ್ಕೆ ತಳಹದಿ.

ಚಿಕಿತ್ಸೆ ಮತ್ತು ಅವಸರ

ಕಾರಣ ತಿಳಿದ ಮೇಲೆ ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಸ್ಪಷ್ಟವಾಗಿರುತ್ತದೆ. ಸವೆದ ಯೋನಿಯ ಚರ್ಮಕ್ಕೆ ಸ್ಥಳದಲ್ಲೇ ಹಚ್ಚುವ, ಅತ್ಯಲ್ಪ ಪ್ರಮಾಣದ ಈಸ್ಟ್ರೊಜನ್ ಲೇಪ ಸಾಕಾಗುತ್ತದೆ. ಪಾಲಿಪನ್ನು ತೆಗೆದುಹಾಕಿದರೆ ಮುಗಿಯಿತು. ಜೀವಕೋಶಗಳು ಕೆಡದಿರುವ ಅತಿ ಬೆಳವಣಿಗೆಗೆ ಕಡಿವಾಣದ ಹಾರ್ಮೋನಾದ ಪ್ರೊಜೆಸ್ಟರಾನ್ ಜಾತಿಯ ಮಾತ್ರೆಗಳನ್ನು ಕೊಡುತ್ತಾರೆ. ಇಲ್ಲವೆ ಆ ಹಾರ್ಮೋನನ್ನು ನಿಧಾನವಾಗಿ ಒಸರುವ ವಂಕಿಯನ್ನು ಗರ್ಭಕೋಶದೊಳಗೆ ಇರಿಸುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ, ಅಥವಾ ಒಳಪೊರೆಯ ಕ್ಯಾನ್ಸರೇ ಖಚಿತವಾದರೆ, ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುತ್ತದೆ. ಕಂಠದ ಕ್ಯಾನ್ಸರಿಗೆ ಅದರ ಹಂತವನ್ನನುಸರಿಸಿ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಔಷಧ ಚಿಕಿತ್ಸೆಗಳಿವೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇಂತಹ ಚಿಕಿತ್ಸೆಗೆ ನಮ್ಮ ನಾಡಿನ ಪ್ರಮುಖ ಕೇಂದ್ರ.

ಇಲ್ಲಿ ಇನ್ನೊಂದು ಅಪಾಯವನ್ನು ಹೇಳದಿರಲಾಗದು. ಒಂದು ಕಡೆ ರಕ್ತವನ್ನು ಅಲಕ್ಷಿಸುವ ಅಭ್ಯಾಸವಿದ್ದರೆ, ಇನ್ನೊಂದು ಕಡೆ ಪರೀಕ್ಷೆಯೇ ಇಲ್ಲದೆ “ಗರ್ಭಕೋಶ ತೆಗೆಸಿಬಿಡಿ, ಇನ್ನು ಅದರಿಂದ ಏನು ಪ್ರಯೋಜನ?” ಎನ್ನುವ ಅವಸರವಿದೆ. ಬಡವರಾದ ಹಳ್ಳಿಯ ಹೆಂಗಸರನ್ನು ಕ್ಯಾನ್ಸರಿನ ಹೆಸರು ಹೇಳಿ ಹೆದರಿಸಿ, ಅನಾವಶ್ಯಕವಾಗಿ ಆಪರೇಷನ್ ಮಾಡಿದ ಆಪಾದನೆಗಳು ದೇಶದ ಹಲವು ರಾಜ್ಯಗಳಲ್ಲಿ ಕೇಳಿಬಂದುವು. ಈ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಇದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ತೆಳ್ಳಗಾದ ಚರ್ಮಕ್ಕೂ ಪುಟ್ಟ ಪಾಲಿಪಿಗೂ ಗರ್ಭಕೋಶವನ್ನೇ ತೆಗೆಯುವುದು ಚಿಕಿತ್ಸೆಯಲ್ಲ. ಅಷ್ಟೇ ಅಲ್ಲ, ಬಯಾಪ್ಸಿಯಿಲ್ಲದೆ ಅವಸರದಲ್ಲಿ ಮಾಡಿದ ಆಪರೇಷನ್ನಿನಲ್ಲಿ ನಿಜವಾಗಿಯೂ ಕ್ಯಾನ್ಸರು ಇದ್ದುಬಿಟ್ಟರೆ, ಅದಕ್ಕೆ ಬೇಕಾದ ರೀತಿಯ ಶಸ್ತ್ರಚಿಕಿತ್ಸೆ ಆಗದೆ ರೋಗಿಗೆ ಎರಡು ಬಗೆಯಲ್ಲೂ ನಷ್ಟ. ಆಪರೇಷನ್ನಿಗೆ ಒಪ್ಪುವ ಮುನ್ನ “ಸ್ಕ್ಯಾನಿಂಗಿನಲ್ಲಿ ಏನು ಕಂಡಿತು? ಬಯಾಪ್ಸಿಯ ವರದಿ ಏನೆನ್ನುತ್ತದೆ?” ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಮನೆಯವರ ಹೊಣೆ

ಈ ರೋಗಲಕ್ಷಣದ ವಿಷಯದಲ್ಲಿ ನಮ್ಮಲ್ಲಿ ಕೊರತೆಯಾಗಿರುವುದು ಯಂತ್ರಗಳಿಗಿಂತ ಹೆಚ್ಚಾಗಿ ಮಾತು. ವಿಧವೆಯಾದ ತಾಯಿ ಮಗನೊಡನೆ ಇದನ್ನು ಹೇಳಲಾರಳು. ಸೊಸೆಯೊಡನೆ ಹೇಳಲು ಅತ್ತೆಗೆ ಅಭಿಮಾನ ಅಡ್ಡ ಬರುತ್ತದೆ. ಆಸ್ಪತ್ರೆಯ ಖರ್ಚಿನ ಯೋಚನೆ ಬೇರೆ. “ಈ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು” ಎಂಬ ಭಾವನೆಯಿಂದಲೇ ಎಷ್ಟೋ ಮಂದಿ ಹನಿ ಹನಿಯಾಗಿ ಬಂದ ಎಚ್ಚರಿಕೆಯನ್ನು ಕಡೆಗಣಿಸಿ, ಕಾಲುನೋವು, ಸೊಂಟನೋವು, ಮೈಯಿಳಿತ ಆರಂಭವಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಆಗಿನ ಪ್ರಯತ್ನವು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಆದುದರಿಂದ ಐವತ್ತು ದಾಟಿದ ಹೆಂಗಸರು ನಾಲ್ಕು ಮಾತುಗಳನ್ನು ನೆನಪಿಡಬೇಕು. ಮುಟ್ಟು ಕಡೆಯದಾಗಿ ಬಂದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಅಂದಿನಿಂದ ಒಂದು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಕಂದು ಬಣ್ಣದ ಕಲೆಯೇ ಆಗಲಿ, ಒಂದೇ ದಿನವೇ ಆಗಲಿ, ಕೆಲವೇ ದಿನಗಳೊಳಗೆ ವೈದ್ಯರನ್ನು ಕಾಣಬೇಕು. ರಕ್ತ ತಾನಾಗಿ ನಿಂತಿತೆಂದು ಪರೀಕ್ಷೆಯನ್ನು ಕೈಬಿಡಬಾರದು. ಕ್ಯಾನ್ಸರಿನ ರಕ್ತವೂ ನಡುನಡುವೆ ನಿಲ್ಲುತ್ತದೆ. ಒಮ್ಮೆ ಪರೀಕ್ಷೆಯಾಗಿ ಏನೂ ಇಲ್ಲವೆಂದು ಬಂದರೂ, ಮತ್ತೆ ರಕ್ತ ಕಂಡರೆ ಮತ್ತೆ ಹೋಗಬೇಕು.

ಮಕ್ಕಳು, ಸೊಸೆಯಂದಿರು ಮಾಡಬೇಕಾದುದು ಇನ್ನೂ ಸುಲಭ. ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ವಿಚಾರಿಸುವಂತೆ ಈ ಪ್ರಶ್ನೆಯನ್ನೂ ಹಿರಿಯರಲ್ಲಿ ಸಂಕೋಚವಿಲ್ಲದೆ ಕೇಳಬೇಕು. ಪರೀಕ್ಷೆಗೆ ಹೊರಟವರ ಜೊತೆಯಲ್ಲಿ ಒಬ್ಬರು ಹೋಗಬೇಕು. ಹತ್ತರಲ್ಲಿ ಒಂಬತ್ತು ಸಲ ಅವರು ಲೇಪವನ್ನೋ ಮಾತ್ರೆಯನ್ನೋ ಹಿಡಿದು ನಿಶ್ಚಿಂತೆಯಿಂದ ಹಿಂದಿರುಗುವರು. ಹತ್ತನೆಯ ಸಲ, ಸಕಾಲದಲ್ಲಿ ಹೋದುದರಿಂದಲೇ, ಒಂದು ಜೀವ ಉಳಿಯುವುದು.